ಗರಡಿಮನಿಯ ಒಂದೇ ಕುರ್ಚಿ

ಟೈಫಾಯ್ಡ್ ಬಿಟ್ಟು ಎದ್ದ ಮುತ್ತಪ್ಪನಿಗೆ ಡಾಕ್ಟರು ಹೇಳಿದ್ದು ಒಂದೇ ಮಾತು: "ಕರಳು ಇನ್ನೂ ಹಸಿ ಐತಿ. ನಾ ಹೂಂ ಅನ್ನೂತನಕ ಭಾರ ಎತ್ತಬ್ಯಾಡ್ರಿ."

ಬನಹಟ್ಟಿಯ ಗರಡಿಮನಿಯಲ್ಲಿ ಹರೆಯದಿಂದಲೂ ಸಂಗ್ರಾಣಿ ಕಲ್ಲು ಎತ್ತುತ್ತ ಬಂದವನಿಗೆ ಈ ಮಾತು ಜ್ವರಕ್ಕಿಂತ ಕಹಿ. ಹೊಟ್ಟೆಪಾಡಿಗೆ ಬ್ಯಾಂಕಿನಲ್ಲಿ ಕೂತು ದುಡಿಯುವ ಮನುಷ್ಯ. ಆದರೆ ಓಣಿಯಲ್ಲಿ ಯಾರೂ ಅವನನ್ನು ಬ್ಯಾಂಕಿನ ಮುತ್ತಪ್ಪ ಅನ್ನುವುದಿಲ್ಲ, ಕಲ್ಲೆತ್ತುವ ಮುತ್ತಪ್ಪ ಅಂತಲೇ ಅನ್ನುತ್ತಾರೆ. ಕಲ್ಲು ಬಿಟ್ಟರೆ ಉಳಿಯುವ ಮುತ್ತಪ್ಪ ಯಾರು ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

"ಸುಮ್ಮ ಮಣ್ಣು ಮುಟ್ಟಿ ನಮಸ್ಕಾರ ಮಾಡಿ ಬರ್ತೀನಿ," ಅಂದ ಹೆಂಡತಿ ಅಂಜನಾಗೆ.

"ಹೋಗ್ರಿ. ಮಣ್ಣು ಮುಟ್ಟಿದ ಕೈ ಹಂಗ ಕಲ್ಲು ಮುಟ್ಟೀತು ಮತ್ತ!"

ಗರಡಿಯೊಳಗೆ ಕೆಮ್ಮಣ್ಣು, ಎಣ್ಣೆ, ಬೆವರು ಕೂಡಿದ ಅದೇ ವಾಸನೆ. ಮೂಗು ತುಂಬ ಎಳೆದುಕೊಂಡ. ಅಷ್ಟರಲ್ಲಿ ಪೈಲವಾನ ದುರಗೇಶ ಒಂದು ಕುರ್ಚಿ ತಂದು ಮುಂದಿಟ್ಟ. "ಕುಂಡ್ರೋ ಕಾಕಾ, ಮೋತಿ ನೋಡು ಹೆಂಗ ಬತ್ತೇತಿ!"

ಮುತ್ತಪ್ಪ ಕೂಡಲಿಲ್ಲ. ಆ ಗರಡಿಯಲ್ಲಿದ್ದದ್ದು ಅದೊಂದೇ ಕುರ್ಚಿ. ಮಂದಿಯೆಲ್ಲ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂಡುತ್ತಿದ್ದರು. ಕುರ್ಚಿ ಮಾತ್ರ ಮಣ್ಣಿನ ಋಣ ಮುಗಿದವರಿಗೆ. ಮೊಣಕಾಲು ಹೋದ ಮೇಲೆ ವಸ್ತಾದ ಧರೆಪ್ಪ ಅದರಲ್ಲಿ ಕೂತೇ ಪಟ್ಟು ಹೇಳಿಕೊಡುತ್ತಿದ್ದ. ಈಗ ನನಗೂ ಆ ಕುರ್ಚಿ ತೋರಿಸಿದರಾ?

ನೆಟ್ಟಗೆ ಕಲ್ಲಿನ ಹತ್ತಿರ ಹೋಗಿ ಬೆನ್ನು ಬಾಗಿಸಿ ಕೈ ಹಚ್ಚಿದ. "ಕಾಕಾ, ಬ್ಯಾಡೋ!" ಅಂತ ದುರಗೇಶ ಓಡಿ ಬರುವುದರೊಳಗೆ ಕಲ್ಲು ಮೊಣಕಾಲಿಗೆ ಬಂತು. ಅಲ್ಲಿಗೇ ಕಣ್ಣು ಕತ್ತಲಿಟ್ಟಿತು. ಕಲ್ಲು ಜಾರಿ ಮಣ್ಣಿನಲ್ಲಿ ಹೂತು ನಿಂತಿತು.

"ಆತಿಲ್ಲ ನಿನ್ನ ಹಟ?" ದನಿ ಹಿಂದಿನಿಂದ ಬಂತು.

ತಿರುಗಿ ನೋಡಿದ. ವಸ್ತಾದ ಧರೆಪ್ಪ ಗೋಡೆ ಹಿಡಿದು ನಿಂತಿದ್ದ. ಮೊಣಕಾಲು ಗಡಗಡ ನಡುಗುತ್ತಿದ್ದವು.

"ವಸ್ತಾದರ, ನೀವ್ಯಾಕ ನಿಂತೀರಿ?"

"ಕುರ್ಚಿ ಒಂದ ಐತೆಲ್ಲೋ. ನೀ ಬಂದೀ ಅಂತ ನಾನ ಕೊಟ್ಟು ಕಳಿಸೀನಿ."

ಮುತ್ತಪ್ಪ ಕುರ್ಚಿ ಒಯ್ದು ಧರೆಪ್ಪನ ಹಿಂದಿಟ್ಟ. "ಕುಂಡ್ರಿ."

"ನೀ ಕುಂಡ್ರು. ಜ್ವರ ಬಿಟ್ಟ ಮೈ, ಥಂಡಿ ನೆಲಾ ಆಗಂಗಿಲ್ಲ."

"ನೀವು ಕುಂಡ್ರಿ ಅಂದ್ರ..."

ಇಬ್ಬರೂ ನಿಂತರು. ಕುರ್ಚಿ ನಡುವೆ ಖಾಲಿ. ದುರಗೇಶ ತಡೆಯಲಾರದೆ ಅಂದ: "ಇಬ್ಬರೂ ಕುಸ್ತಿ ಹಿಡೀರಿ. ಸೋತವ್ರು ಕುಂಡ್ರಲಿ!" ಗರಡಿಯೆಲ್ಲ ಗೊಳ್ಳೆಂದಿತು. ಧರೆಪ್ಪ ಮೊದಲು ನಕ್ಕ. ಮುತ್ತಪ್ಪನಿಗೆ ನಗು ತಡವಾಗಿ ಬಂತು, ಬಂದದ್ದು ಮಾತ್ರ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೊರಟ. ಅಂಜನಾ ಬಾಗಿಲಲ್ಲಿ ತಡೆದಳು. "ಭಾರ ಎತ್ತಬ್ಯಾಡ ಅಂದಿಲ್ಲೇನ್ರಿ ಡಾಕ್ಟರು?"

"ಇದ್ಯಾತರ ಭಾರ ಮಾರಾಯ್ತಿ?"

"ಇಡ್ರಿ ಕೆಳಗ," ಅಂದು ತಾನೇ ಎತ್ತಿಕೊಂಡು ಗರಡಿಯ ಬಾಗಿಲತನಕ ಮುಂದೆ ನಡೆದಳು. ಹಿಂದೆ ಬರಿಗೈಲಿ ಮುತ್ತಪ್ಪ. ದಾರಿಯಲ್ಲಿ ಇಬ್ಬರು ಮೂವರು ನೋಡಿ ನಕ್ಕರು. ನಗಲಿ ಬಿಡು ಅನ್ನಿಸಿತು.

ಧರೆಪ್ಪ ತನ್ನ ಕುರ್ಚಿ ಕೊಂಚ ಸರಿಸಿ ಜಾಗ ಮಾಡಿದ. ಮುತ್ತಪ್ಪ ಕೂತ. ಎದುರಿಗೆ ದುರಗೇಶ ಕಲ್ಲಿಗೆ ಕೈ ಹಚ್ಚಿದ್ದ. ಅವನು ಉಸಿರು ಎಳೆದಾಗ ಇವನೂ ಎಳೆದ.

"ಬೆನ್ನು ಬಾಗಸಬ್ಯಾಡಲೇ, ಕಾಲಿನ ಮ್ಯಾಲ ಎತ್ತು," ಅಂತ ತನಗರಿಯದಂತೆ ಕೂಗಿದ.

ಧರೆಪ್ಪ ತಿರುಗಿ ಮುತ್ತಪ್ಪನ ಮುಖ ನೋಡಿದ. "ನಿನ್ನೆ ನಿನಗ ಇದನ್ನ ಯಾರಾದ್ರೂ ಹೇಳಬೇಕಾಗಿತ್ತು ನೋಡು."