ದೀಪಸ್ತಂಭದ ಬೆಳಕಿನಲ್ಲಿ ಓದಿದವಳು

ರತ್ನಾವತಿ ಬಾವಿಕಟ್ಟೆಯ ಬಳಿ ಕುಳಿತು ಹುಣಸೆಹುಳಿ ಹಚ್ಚಿ ಕೈ ತಿಕ್ಕುತ್ತಿದ್ದಳು. ಕಾಪು ಮಾರುಕಟ್ಟೆಯಲ್ಲಿ ಅಂಜಲ್ ಮೀನು ಕತ್ತರಿಸುತ್ತಿದ್ದಾಗಲೇ ಫೋನ್ ಬಂದಿತ್ತು. ಈಗ ಗಂಡ ತಾರಾನಾಥ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದ, ಮೂಗಿಗೆ ಹತ್ತಿ ಇಟ್ಟಿದ್ದರು.

"ಬೇಗ ಬಾ ರತ್ನಾ," ನಾದಿನಿ ಹಿತ್ತಿಲ ಬಾಗಿಲಿನಿಂದ ಕರೆದಳು. "ಕಾರ್ಕಳದ ಕಾಲೇಜಿನವರು ಬಸ್ಸು ಮಾಡಿಕೊಂಡು ಬಂದಿದ್ದಾರೆ. ಮಂತ್ರಿ ಸತ್ತರೂ ಇಷ್ಟು ಜನ ಬರಲಿಕ್ಕಿಲ್ಲ ಮಾರಾಯ್ತಿ!"

ತಾರಾನಾಥ ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ ನಡೆಸುತ್ತಿದ್ದ. ಗುರಿ ಇಡುವುದು ಹೇಗೆ, ಸೋತರೆ ಏಳುವುದು ಹೇಗೆ ಎಂದು ಹುಡುಗರಿಗೆ ಹೇಳುವುದೇ ಅವನ ಕಸುಬು. ಯಾರೂ ಕರೆಯದ ತಿಂಗಳುಗಳಲ್ಲಿ ಅವನೇ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮನೆ ಮೀನಿನಿಂದ ನಡೆಯುತ್ತಿತ್ತು.

ಚಾವಡಿಯ ಬಾಗಿಲಲ್ಲಿ ಒಬ್ಬ ಹುಡುಗಿ ತಡೆದಳು. "ಅಕ್ಕಾ, ಟೀಚರ್ ಎಲ್ಲಿದ್ದಾರೆ?"

"ಯಾವ ಟೀಚರ್?"

"ಸರ್ ಅವರ ಹೆಂಡತಿ. ಹತ್ತನೆಯಲ್ಲಿ ಎರಡು ಸಲ ಫೇಲಾಗಿ, ಇಲ್ಲಿಯ ಕಡಲ ದಂಡೆಯ ದೀಪಸ್ತಂಭದ ಬೆಳಕಿನಲ್ಲಿ ಓದಿ ಪಾಸಾಗಿ ಟೀಚರ್ ಆದವರು. ಸರ್ ಪ್ರತಿ ಶಿಬಿರದಲ್ಲೂ ಹೇಳುತ್ತಿದ್ದರು."

ಸಾವಿನ ಮನೆಯೆಂಬುದನ್ನೂ ಮರೆತು ನಾದಿನಿ ನಕ್ಕುಬಿಟ್ಟಳು. "ಆ ಬೆಳಕು ಒಮ್ಮೆ ಬಂದು ಹೋದರೆ ಮತ್ತೆ ಸುತ್ತು ಹೊಡೆದೇ ಬರಬೇಕು. ಅದರಲ್ಲಿ ಎಂತ ಓದುವುದು?"

ಮೈದುನ ಜಿತೇಂದ್ರ ನಡುವೆ ನುಗ್ಗಿದ. "ಇವರೇ ನಮ್ಮ ಅತ್ತಿಗೆ," ಎಂದವನೇ ರತ್ನಾವತಿಯನ್ನು ಪಕ್ಕಕ್ಕೆ ಕರೆದ. "ಬೊಜ್ಜದ ಉತ್ತರಕ್ರಿಯೆ ಎಲ್ಲ ಕಳೆದ ಮೇಲೆ ಕಾಲೇಜಿನಲ್ಲಿ ಸಂತಾಪ ಸಭೆ ಉಂಟು. ನಿಮ್ಮನ್ನೂ ಕರೆದಿದ್ದಾರೆ. ಅಣ್ಣ ಹೇಳಿದ್ದನ್ನೇ ಎರಡು ಮಾತು ಹೇಳಿಬಿಡಿ. ಸತ್ತವನ ಮರ್ಯಾದೆ ಅಲ್ವಾ?"

ಅವಳು ಆಗಲೆಂದು ತಲೆಯಾಡಿಸಿದಳು.

*

ಹಿಂದೊಮ್ಮೆ ಬೆಳಗ್ಗೆ ತಾರಾನಾಥ ಶಿಬಿರಕ್ಕೆಂದು ಮಣಿಪಾಲಕ್ಕೆ ಹೊರಟಿದ್ದ. ಅಂಗಿಗೆ ಇಸ್ತ್ರಿ ಹಾಕುತ್ತ ಅವಳು ಕೇಳಿದ್ದಳು, "ನಾನೂ ಬರಲಾ? ನಿಮ್ಮ ಭಾಷಣ ಒಮ್ಮೆ ಕೇಳಬೇಕು."

"ನೀನು ಎದುರಿಗೆ ಕುಳಿತರೆ ನನಗೆ ಮಾತು ತಡವರಿಸುತ್ತದೆ ರತ್ನಾ."

ಅದನ್ನು ಅವಳು ಪ್ರೀತಿಯೆಂದುಕೊಂಡಿದ್ದಳು. ಬುಟ್ಟಿ ಹೊತ್ತು ನಡೆಯುವಾಗ ಎಷ್ಟೋ ದಿನ ಆ ಮಾತು ನೆನೆದು ಒಬ್ಬಳೇ ನಕ್ಕಿದ್ದಳು. ಕಾಪುವಿನ ಶಾಲೆಯವರು ಕರೆದರೂ ಅವನು ಯಾಕೆ ಹೋಗುತ್ತಿರಲಿಲ್ಲವೆಂದು ಒಮ್ಮೆಯೂ ಯೋಚಿಸಿರಲಿಲ್ಲ.

*

ಗಂಡಸರು ಹೆಣ ಎತ್ತಿಕೊಂಡು ಹೋದರು. ಬಾಗಿಲಲ್ಲಿ ತಡೆದಿದ್ದ ಹುಡುಗಿ ಮೆಲ್ಲನೆ ಬಂದು ಅವಳ ಪಕ್ಕ ಕುಳಿತಳು.

"ಮೇಡಂ, ನಾನು ದೀಕ್ಷಿತಾ. ಅಜೆಕಾರಿನವಳು. ಪಿಯುಸಿಯಲ್ಲಿ ಈ ಸಲವೂ ಹೋಯಿತು."

"ಹೋಗಲಿ ಮಗಾ."

"ಹಾಗಲ್ಲ ಮೇಡಂ. ನಿಮಗೆ ಮನೆಯಲ್ಲಿ ದೀಪವೇ ಇರಲಿಲ್ಲ. ನನಗೆ ಟೇಬಲ್ ಉಂಟು, ಫ್ಯಾನ್ ಉಂಟು, ಟ್ಯೂಷನ್ ಉಂಟು. ಅಪ್ಪ ದಿನಾ ನಿಮ್ಮ ಕತೆ ಹೇಳಿಯೇ ಬೈಯುವುದು. ಆ ಹೆಂಗಸಿಗೆ ಆದದ್ದು ನಿನಗೆ ಯಾಕೆ ಆಗುವುದಿಲ್ಲ ಅಂತ." ಅವಳು ಅಳುತ್ತಿರಲಿಲ್ಲ. ಎಂದೋ ತೀರ್ಮಾನವಾದ ವಿಷಯ ಹೇಳುವವಳಂತೆ ಹೇಳಿದಳು. "ಅಂದರೆ ನನ್ನಲ್ಲೇ ಎಂತದೋ ಇಲ್ಲ ಅಂತ ತಾನೆ?"

ರತ್ನಾವತಿ ಉತ್ತರ ಹೇಳುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಹುಡುಗಿ ಎದ್ದು ಓಡಿದಳು.

"ಮಗಾ!" ರತ್ನಾವತಿ ಅಂಗಳದವರೆಗೆ ಹೋಗಿ ಕೂಗಿದಳು. "ಸಭೆಗೆ ಅಪ್ಪನನ್ನೂ ಕರೆದುಕೊಂಡು ಬಾ. ಮರೆಯಬೇಡ."

ಒಳಗೆ ಹೆಂಗಸರು ಅವಳನ್ನು ಗೋಡೆಗೊರಗಿಸಿ ಕೂರಿಸಿದರು. ಯಾರೋ ಗಂಜಿ ತಂದರು. ಅವಳು ಕಣ್ಣು ಮುಚ್ಚಿದ್ದಳು. ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು: ನಾನು ಟೀಚರ್ ಅಲ್ಲ. ಎರಡು ಸಲ ಫೇಲಾದೆ. ಮೂರನೆಯ ಸಲ ಪರೀಕ್ಷೆಗೆ ಹೋಗಲೇ ಇಲ್ಲ. ನಾನು ಮೀನು ಮಾರುತ್ತೇನೆ. ಎಲ್ಲೋ ತಪ್ಪಿದವಳಂತೆ ನಿಂತು, ಮತ್ತೆ ಮೊದಲಿನಿಂದ ಶುರುಮಾಡಿದಳು.

"ಶ್," ನಾದಿನಿ ಗಂಜಿಯವಳನ್ನು ತಡೆದಳು. "ದೇವರ ನಾಮ ಹೇಳುತ್ತಿದ್ದಾಳೆ, ಪಾಪ. ಮುಗಿಸಲಿ."