ಎತ್ತಿದ ಮುಷ್ಟಿ

ಹಿಂದಿನ ಶನಿವಾರ ಎತ್ತಿದ ಮುಷ್ಟಿ ಇನ್ನೂ ಬಿದ್ದಿರಲಿಲ್ಲ. ಆ ಜಪಾನಿ ಕಾರ್ಟೂನಿನಲ್ಲಿ ಹಾಗೇ, ಒಂದು ಏಟು ಬೀಳಲು ವಾರಗಟ್ಟಲೆ ಕಾಯಬೇಕು. ಗುರು ಸತ್ತ ಮೇಲೆ ಬೆಟ್ಟದಲ್ಲಿ ಒಂಟಿಯಾಗಿ ಕರಾಟೆ ಕಲಿತ ಹುಡುಗ, ಕೊನೆಯ ಪಂದ್ಯದಲ್ಲಿ, ಒಟ್ಟಿಗೆ ಬೆಳೆದ ಗೆಳೆಯನೆದುರೇ ಕೈ ಎತ್ತಿ ನಿಂತಿದ್ದ. ಅದರ ಹಿಂದಿ ಮಾತು ಕೋಮಲಳಿಗೆ ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಹುಡುಗನ ಮುಖ ನೋಡಿ ಊಹಿಸುತ್ತಿದ್ದಳು.

ನಂಜನಗೂಡಿನ ನೂಲಿನ ಕಾರ್ಖಾನೆಯಲ್ಲಿ ಕೆಲಸ, ಬಾಡಿಗೆಯ ಒಂದೇ ಕೋಣೆ, ಸಣ್ಣ ಟೀವಿ. ಇಷ್ಟು ವಯಸ್ಸಾದವಳು ಕಾರ್ಟೂನ್ ನೋಡುವುದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಸಂಜೆ ಐದೂವರೆಗೆ ಕೊನೆಯ ಕಂತು. ಆದರೆ ಈ ವಾರದಿಂದ ಅವಳ ಬೀದಿಯಲ್ಲಿ ಐದರಿಂದ ಏಳರವರೆಗೆ ಕರೆಂಟ್ ತೆಗೆಯುತ್ತಿದ್ದರು. ಅಕ್ಕನ ಊರಾದ ಸೋಸಲೆಯಲ್ಲಿ ಬೆಳಿಗ್ಗೆಯೇ ತೆಗೆಯುತ್ತಾರೆಂದು ಆ ಕಡೆಯಿಂದ ಕೆಲಸಕ್ಕೆ ಬರುವವಳೊಬ್ಬಳಿಂದ ವಿಚಾರಿಸಿ ತಿಳಿದುಕೊಂಡಿದ್ದಳು. ಶಿಫ್ಟ್ ಮುಗಿಸಿ, ಒಂದು ಚಿಪ್ಪು ಬಾಳೆಹಣ್ಣು ಕೊಂಡು ಬಸ್ ಹತ್ತಿದಳು. ಬರೀ ಟೀವಿಗಾಗಿ ಹೋಗುವುದು ತಪ್ಪೇನೋ ಎಂದು ದಾರಿಯುದ್ದಕ್ಕೂ ಅನಿಸಿತು. ಎರಡು ಚಿಪ್ಪು ಕೊಳ್ಳಬೇಕಿತ್ತು ಎಂದೂ ಅನಿಸಿತು.

"ಓಹೋ, ಪ್ಯಾಟೆ ಅಮ್ಮಾವ್ರು! ಈ ಕಡೀಕೂ ಬಸ್ ಓಡ್ತದೆ ಅಂತ ಇವತ್ ಗೊತ್ತಾಯ್ತಾ?" ಎಂದ ಭಾವ ಮರಿಯಯ್ಯ, ಟೀವಿಯ ಮುಂದೆ ಕುಳಿತಲ್ಲಿಂದಲೇ.

ಅಕ್ಕ ಮಂಗಳಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಯಾಕ್ ಕೋಮ್ಲಾ ದಿಢೀರ್ನೆ? ಮೈ ಉಸಾರಿಲ್ವಾ?"

"ಸುಮ್ನೆ ಕಣಕ್ಕ. ನಿನ್ನ ನೋಡವ ಅಂತ."

ಅಕ್ಕನ ಮುಖ ಅರಳಿತು. "ಕೇಳುದ್ರಾ? ನನ್ ನೋಡಕ್ಕೇ ಬಂದವ್ಳಂತೆ! ಅಬ್ಬಕ್ಕೆ ಕರುದ್ರೂ ಬರ್ದೋಳು. ಆ ಟೀವಿ ಆಫ್ ಮಾಡಿ ಅತ್ಲಾಗೆ, ಒಸಿ ಮಾತಾಡವ."

"ನಾದ್ನಿ ಬಂದ್ರೆ ನಂಗ್ ಶಿಕ್ಷೆ" ಎಂದು ಗೊಣಗುತ್ತ ಮರಿಯಯ್ಯ ಆಫ್ ಮಾಡಿ ಹೊರಗೆ ಹೋದ.

ಗಡಿಯಾರದಲ್ಲಿ ಐದು ಇಪ್ಪತ್ತು. ಅಕ್ಕ ರೊಟ್ಟಿ ತಟ್ಟುತ್ತ ಹಲ್ಲುನೋವಿನ ಸುದ್ದಿ ಹೇಳಿದಳು, ಈದ ಎಮ್ಮೆಯ ಸುದ್ದಿ ಹೇಳಿದಳು. ಕೋಮಲ ಹೂಂಗುಟ್ಟಿದಳು. ಐದೂವರೆ ಆಯಿತು. ಟೀವಿ ಹಾಕಲಾ ಅಕ್ಕ ಎಂದು ಕೇಳಲು ಬಾಯಿ ತೆರೆದಳು.

"ನೀನು ನನ್ನ ಮರ್ತೇಬುಟ್ಟೆ ಅಂದ್ಕೊಂಡಿದ್ದೆ ಕಣೆ" ಎಂದಳು ಅಕ್ಕ, ಕಾವಲಿಯಿಂದ ಕಣ್ಣೆತ್ತದೆ. "ನಿಮ್ ಬಾವನ್ ತಾವೂ ಅಂದಿದ್ದೆ."

ಆಮೇಲೆ ಕೇಳಲಾಗಲಿಲ್ಲ. ಟೀವಿಯ ಕಪ್ಪು ಗಾಜಿನಲ್ಲಿ ಅಕ್ಕ ತಂಗಿ ಇಬ್ಬರೂ ಪುಟ್ಟದಾಗಿ ಕಾಣುತ್ತಿದ್ದರು. ಆರಾಯಿತು. ಅಷ್ಟರಲ್ಲಿ ಆ ಮುಷ್ಟಿ ಬಿದ್ದಿರಬೇಕು.

ಬಸ್ಸಿನ ತನಕ ಬಂದ ಅಕ್ಕ, ಬಟ್ಟೆ ಸುತ್ತಿದ ರೊಟ್ಟಿ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟಳು. "ಗಳಿಗೆಗೊಂದ್ಸಲ ನೀನು ಗಡಿಯಾರ ನೋಡ್ತಿದ್ದೆ. ಬಸ್ ತಪ್ಪೋಯ್ತದೆ ಅಂತ ತಾನೆ? ನಂಗೆಲ್ಲಾ ಗೊತ್ತಾಯ್ತದೆ."

"ಹೂಂ ಕಣಕ್ಕ."

ಕೋಣೆಗೆ ಬಂದಾಗ ಕರೆಂಟ್ ಇತ್ತು. ಟೀವಿ ಹಾಕಿದಳು. ಬೇರೇನೋ ಬರುತ್ತಿತ್ತು. ಯಾರು ಗೆದ್ದರೆಂದು ಕೇಳೋಣವೆಂದರೆ ಇಡೀ ನಂಜನಗೂಡಿನಲ್ಲಿ ಅವಳಿಗೆ ಅಂಥವರು ಒಬ್ಬರೂ ಇರಲಿಲ್ಲ. ಟೀವಿ ಆಫ್ ಮಾಡಿದಳು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಆರಿದ ಟೀವಿಯ ಮುಂದೆಯೇ ಕುಳಿತು ತಿಂದಳು.