ಹತ್ತು ಬಾಗಿಲ ಮೀನುಮನೆ

ಕಾಫಿ ಜಗ್ಗನ್ನು ಮೇಜಿನ ಮೇಲೆ ಕುಕ್ಕಿ ಐಲಿ ಕೇಳಿದಳು: "ಯಾರ್ಯಾರು ಬರ್ತೀರಿ ನನ್ನ ಜೊತೆ? ಈಗಲೇ ಹೇಳಿ."

ಚರ್ಚಿನ ನೆಲಮಾಳಿಗೆಯಲ್ಲಿ ಏಲಕ್ಕಿ ಬ್ರೆಡ್ಡು ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಅವಳ ಗಂಡ ಆರ್ವೊನ ಪೆಟ್ಟಿಗೆ ಮಣ್ಣಿಗಿಳಿಸಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಎಲ್ಲಿಗೆ ಅತ್ತಿಗೆ?" ಆರ್ವೊನ ತಮ್ಮ ರೂಡಿ ಗೊತ್ತಿದ್ದೂ ಕೇಳಿದ.

"ಕೆರೆಗೆ. ನಿಮ್ಮಣ್ಣನ ಮೀನುಮನೆ ಇನ್ನೂ ಮಂಜುಗಡ್ಡೆ ಮೇಲೇ ಕೂತಿದೆ. ತೆಗೆಯೋಕೆ ಇವತ್ತು ಸಂಜೆವರೆಗೆ ಗಡುವು."

"ದಂಡ ಹಾಕ್ಲಿ ಬಿಡಿ," ಅಂದ ಪಕ್ಕದ ಮನೆಯ ಓರಿನ್. "ಆರ್ವೊ ಇರೋ ಕಡೆಗೆ ನೋಟೀಸು ಹಿಡ್ಕೊಂಡು ಹೋಗೋ ಧೈರ್ಯ ಯಾರಿಗಿದೆ?"

ನಗು ಎದ್ದಿತು. ಐಲಿಯೂ ನಕ್ಕಳು. ಆಮೇಲೆ, "ದಂಡದ ಮಾತಲ್ಲ ಓರಿನ್. ಅದರ ಮೇಲೆ ಅವನ ಹೆಸರಿದೆ," ಅಂದಳು.

ಉತ್ತರ ಮಿನೆಸೋಟದ ಆ ಕೆರೆಯಲ್ಲಿ ಚಳಿಗಾಲವಿಡೀ ಗುಡಿಸಲು ಹೂಡಿ, ಗಡ್ಡೆಗೆ ತೂತು ಕೊರೆದು ಮೀನಿಗೆ ಕೂರುವವರೆಲ್ಲ ಗೋಡೆಯ ಮೇಲೆ ಹೆಸರು ಬರೆಯಲೇಬೇಕು. ಮಾರ್ಚ್‌ನಲ್ಲಿ ತೆಗೆಯದೆ ಬಿಟ್ಟರೆ ಗಡ್ಡೆ ಕರಗಿ ಗುಡಿಸಲು ಮುಳುಗುತ್ತದೆ, ಬೇಸಿಗೆಯಲ್ಲಿ ಚೂರುಚೂರಾಗಿ ದಡಕ್ಕೆ ಬರುತ್ತದೆ, ಹೆಸರಿನ ಸಮೇತ. ಎಳೆಯಲೆಂದು ಅಡಿಗೆ ಕಟ್ಟಿದ ಜಾರುಮರಗಳು ಗಡ್ಡೆಗೆ ಹೆಪ್ಪುಗಟ್ಟಿ ಅಂಟಿದರೆ ಮುಗಿಯಿತು. ಆರ್ವೊ ಮೂವತ್ತು ವರ್ಷ ಗುಡಿಸಲಿಂದ ಗುಡಿಸಲಿಗೆ ಹೋಗಿ ಗದರಿದವನು: "ಜಾರುಮರದ ಕೆಳಗೆ ದಿಮ್ಮಿ ಕೊಟ್ಟೆಯೇನೋ? ಇಲ್ಲದಿದ್ರೆ ಬೇರು ಬಿಡುತ್ತೆ ನೋಡು!" ಓರಿನ್ನನ ಗುಡಿಸಲು ಮುಳುಗಿದ ವರ್ಷ ಮತ್ತೆ ಕೆರೆ ಹೆಪ್ಪುಗಟ್ಟುವ ತನಕ ಅವನ ಜೊತೆ ಮಾತು ಬಿಟ್ಟಿದ್ದ. ಈ ಸಲ ಆರ್ವೊ ಫೆಬ್ರವರಿಯಲ್ಲೇ ಆಸ್ಪತ್ರೆ ಸೇರಿದ. ದಿಮ್ಮಿ ಕೊಡುವವರಿಲ್ಲದೆ ಅವನ ಗುಡಿಸಲೇ ಬೇರು ಬಿಟ್ಟಿತು.

"ಆಗಲ್ಲ ಅತ್ತಿಗೆ," ಅಂದ ರೂಡಿ. "ಗಡ್ಡೆ ಕರಗಿ ಕಪ್ಪಾಗಿದೆ. ಮನುಷ್ಯರನ್ನ ತಡೆಯುತ್ತೆ, ಟ್ರಕ್ಕನ್ನ ತಡೆಯಲ್ಲ. ಟ್ರಕ್ಕಿಲ್ಲದೆ ಆ ಮನೆ ಮಿಸುಕಲ್ಲ."

ಐಲಿ ಖಾಲಿ ಕಪ್ಪನ್ನೇ ನೋಡುತ್ತ ಕೂತಳು.

*

ಹಳೇ ಶಾಲೆ ಕೆಡವಿದಾಗ, ಇಪ್ಪತ್ತಾರು ವರ್ಷ ಅಲ್ಲಿ ಜವಾನನಾಗಿದ್ದ ಆರ್ವೊ ಕೇಳಿದ್ದು ಬಾಗಿಲುಗಳನ್ನಷ್ಟೇ. ಹತ್ತು ಬಾಗಿಲು ಅಂಗಳಕ್ಕೆ ಬಂದವು.

"ಕೆರೆ ಮೇಲೆ ಶಾಲೆ ತೆರೀತೀಯೇನು?" ಅಂದಿದ್ದಳು ಐಲಿ.

ಅಕ್ಟೋಬರ್ ಪೂರ್ತಿ ಅವಳು ಒಂದು ಬಾಗಿಲು ಆತು ಹಿಡಿಯುವುದು, ಅವನು ಪಕ್ಕದ್ದಕ್ಕೆ ಕೀಲು ಕೂಡಿಸಿ ಅದರ ತೂತಿಗೆ ಕಬ್ಬಿಣದ ಕಡ್ಡಿ ಇಳಿಸುವುದು. ಮೀನುಮನೆಯ ಗೋಡೆಗೆ ಎಂಟು, ಸೂರಿಗೆ ಎರಡು. ಅವಳ ಕೈ ಸೋತಿತ್ತು. "ಸುಮ್ನೆ ಮೊಳೆ ಹೊಡೀಬಾರದಾ ಮಾರಾಯ?"

"ಮೊಳೆ ಹೊಡೆದ್ರೆ ಬಾಗಿಲು ಗೋಡೆ ಆಗಿಬಿಡುತ್ತೆ ಕಣೇ," ಅಂದ ಆರ್ವೊ, ಕೀಲಿಗೆ ಎಣ್ಣೆ ಬಿಡುತ್ತ. "ಪಾಪ."

*

"ಸುತ್ತಿಗೆ ಇದೆಯಾ ಇಲ್ಲಿ?" ಐಲಿ ಎದ್ದು ನಿಂತಳು. "ಎಳೆಯೋದು ಬೇಡ. ಬಿಚ್ಚೋಣ."

ಕಪ್ಪು ಕೋಟುಗಳ ಸಾಲು ಕೆರೆಗೆ ಇಳಿಯಿತು. "ನೀವು ದಡದಲ್ಲೇ ಇರಿ" ಅಂದ ರೂಡಿಯನ್ನು ದಾಟಿ ಐಲಿ ಗಡ್ಡೆಯ ಮೇಲೆ ಕಾಲಿಟ್ಟಳು. ಕೀಲಿನ ಕೆಳಗಿಂದ ಒಂದೇಟು ಹಾಕಿದರೆ ಸಾಕು, ಎಣ್ಣೆ ಕುಡಿದ ಕಡ್ಡಿ ಮೇಲೆ ಬರುತ್ತಿತ್ತು. ಸೂರು ಇಳಿಯಿತು, ಗೋಡೆಗಳು ಒಂದೊಂದಾಗಿ ಕಳಚಿದವು.

"ಇದು ಹೆಡ್‌ಮಾಸ್ಟರ್ ಬಾಗಿಲು!" ರೂಡಿ ತಬ್ಬಿ ಹಿಡಿದ. "ಇದರ ಹೊರಗೆ ಎಷ್ಟು ಸಲ ಚಡ್ಡಿ ಒದ್ದೆ ಮಾಡ್ಕೊಂಡಿದ್ದೀನೋ!"

"ಇದು ಯಾವುದು?" ಹೊಸದಾಗಿ ಬಂದ ಪಾದ್ರಿಯಮ್ಮ ಕೇಳಿದಳು.

"ಹುಡುಗೀರ ಪಾಯಿಖಾನೆದು," ಅಂದ ಓರಿನ್. "ನಿಮಗೇ ಇರಲಿ ತಾಯಿ."

"ನಗಿ, ನಗಿ, ಆದ್ರೆ ಗುಂಪುಗೂಡಬೇಡಿ! ಹತ್ತು ಹೆಜ್ಜೆ ಅಂತರ!" ಗಂಡನ ದನಿಯಲ್ಲೇ ಐಲಿ ಗದರಿದಳು. ಭಾರ ಇಳಿದ ಜಾರುಮರಗಳು ಹಾರೆಯ ನಾಲ್ಕು ಮೀಟಿಗೆ ಲಟಕ್ಕೆಂದು ಎದ್ದವು. ಒಲೆಯನ್ನೂ ಕುರ್ಚಿಯನ್ನೂ ಅವುಗಳ ಮೇಲೆ ಕಟ್ಟಿ ರೂಡಿ ಎಳೆದುಕೊಂಡು ಹೋದ.

ಒಬ್ಬೊಬ್ಬರು ಒಂದೊಂದು ಹೊತ್ತು ದಡಕ್ಕೆ ಹೊರಟ ಮೇಲೆ ಉಳಿದದ್ದು ಒಂದೇ ಬಾಗಿಲು. ಓರಿನ್ ಕೈಗವಸಿನಿಂದ ಅದರ ಮೇಲಿನ ಮಂಜು ಒರೆಸಿದ.

"ಒಂದು ಕಡೆ ನಾನು ಹಿಡೀತೀನಿ," ಅಂದಳು ಐಲಿ.

"ಬೇಡ ಬಿಡಿ. ಇದು ನಂದು," ಎಂದವನೇ ಬಾಗಿ ಬೆನ್ನಿಗೇರಿಸಿಕೊಂಡ.

ಐಲಿ ಹತ್ತು ಹೆಜ್ಜೆ ಬಿಟ್ಟು ಹಿಂದೆ ಹೊರಟಳು. ಕಾಲಡಿಯಲ್ಲಿ ಗಡ್ಡೆ ಎಲ್ಲೋ ದೂರಕ್ಕೆ ನರಳಿತು. ಮುಂದೆ ಓರಿನ್ನನ ತಲೆ ಕಾಣುತ್ತಿರಲಿಲ್ಲ, ಕೋಟೂ ಕಾಣುತ್ತಿರಲಿಲ್ಲ. ಆರ್ವೊ ಕಂಗಾಸ್ ಎಂಬ ಗೇಣುದ್ದದ ಕೆಂಪಕ್ಷರ, ಅದರ ಕೆಳಗೆ ಎರಡು ಕರಿಬೂಟು, ನೋಡಿ ನೋಡಿ ಹೆಜ್ಜೆಯಿಡುತ್ತ ದಡದ ಕಡೆ ನಡೆದಿದ್ದವು.